ಶೋಲೆಯ ನೀಲಿ ನಿವಾಸಿ

ಚಿಕ್ಕಮಗಳೂರಿನಿಂದ ಕಾಫಿತೋಟಗಳನ್ನು ದಾಟಿ ಮೇಲೇರಿದರೆ ಬಾಬಾಬುಡನ್ ಗಿರಿಶ್ರೇಣಿ ಅರ್ಧಚಂದ್ರಾಕಾರವಾಗಿ ಹಬ್ಬಿಕೊಂಡಿರುವುದು ಕಾಣುತ್ತದೆ. ಚಂದ್ರದ್ರೋಣ ಪರ್ವತವೆಂಬ ಹೆಸರು ಅನ್ವರ್ಥವಾದುದೇ. ಯಾತ್ರಿಕರ ದೃಷ್ಟಿಯೆಲ್ಲ ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಮೇಲೆ. ಆದರೆ ಒಂದು ಕ್ಷಣ ಶಿಖರವನ್ನು ಮರೆತು ಕೆಳಗೆ ನೋಡಿರಿ. ಹುಲ್ಲು ಹೊದ್ದ ಬೆಟ್ಟಗಳ ನಡುವೆ, ತೊರೆ ಹರಿಯುವ ಕಣಿವೆಗಳಲ್ಲಿ, ಗಿಡ್ಡ ಮರಗಳ ದಟ್ಟವಾದ ಕಾಡಿನ ತುಣುಕುಗಳು ಅಡಗಿವೆ. ಇವೇ ಶೋಲೆಗಳು.

ಈ ಶೋಲೆಗಳ ನಸುಗತ್ತಲೆಯಲ್ಲಿ ನೊಣಹಿಡುಕಗಳ ಕುಟುಂಬಕ್ಕೆ ಸೇರಿದ ಪುಟ್ಟ ಹಕ್ಕಿಯೊಂದು ವಾಸಿಸುತ್ತದೆ. ಅದರ ಹೆಸರು ನೀಲಗಿರಿ ನೀಲಿ ರಾಬಿನ್. ಗಾತ್ರ ಗುಬ್ಬಚ್ಚಿಯಷ್ಟು, ಬೆನ್ನು ಮತ್ತು ಎದೆ ಕಪ್ಪು ಬೆರೆತ ನೀಲಿ, ಪಕ್ಕೆಗಳು ಕಾವಿಗೆಂಪು, ಹೊಟ್ಟೆಯ ನಡುಭಾಗ ಬಿಳುಪು. ತರಗೆಲೆಗಳ ನಡುವೆ ಕುಪ್ಪಳಿಸುತ್ತ ಹುಳುಗಳನ್ನು ಹೆಕ್ಕುವ ಈ ಸಂಕೋಚದ ಜೀವಿಯನ್ನು ನೋಡುವುದಕ್ಕಿಂತ, ಅದರ ಸಿಳ್ಳಿನ ಹಾಡನ್ನು ಕೇಳುವುದೇ ಸುಲಭ. ಮರದ ಪೊಟರೆಯಲ್ಲೋ ತೊರೆಯ ದಂಡೆಯ ಬಿಲದಲ್ಲೋ ಹಾವಸೆಯ ಗೂಡು. ಸಾಮಾನ್ಯವಾಗಿ ಎರಡು ಮೊಟ್ಟೆ.

1840ರ ದಶಕದಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದವನು ಮದರಾಸು ಸೈನ್ಯದ ವೈದ್ಯ ಥಾಮಸ್ ಜೆರ್ಡನ್. ಅನಂತರ ಬೇರೆ ಬೇರೆ ಪಂಗಡಗಳಿಗೆ ಸೇರುತ್ತ ಅಲೆದ ಈ ಹಕ್ಕಿಗೆ 2017ರಲ್ಲಿ ತನ್ನದೇ ಕುಲನಾಮ ದೊರೆಯಿತು: ಶೋಲಿಕೋಲ, ಎಂದರೆ ಶೋಲೆಯ ನಿವಾಸಿ. ಪಾಲಕ್ಕಾಡಿನ ಕಣಿವೆ ಸುಮಾರು 30–40 ಕಿಲೋಮೀಟರ್ ಅಗಲದ ತಗ್ಗು ಪ್ರದೇಶ. ಅದರ ಉತ್ತರಕ್ಕೆ ನೀಲಗಿರಿ, ಬ್ರಹ್ಮಗಿರಿ, ಬಾಬಾಬುಡನ್ ಗಿರಿಗಳಲ್ಲಿ ಇದು. ದಕ್ಷಿಣದ ಆನೆಮಲೆ, ಪಳನಿಗಳಲ್ಲಿ ಇದರ ದಾಯಾದಿಯಾದ ಬಿಳಿಹೊಟ್ಟೆಯ ನೀಲಿ ರಾಬಿನ್. ತಂಪಾದ ಎತ್ತರದ ಕಾಡಿಗೇ ಅಂಟಿಕೊಂಡ ಈ ಹಕ್ಕಿಗಳಿಗೆ ಆ ತಗ್ಗು ಸಮುದ್ರವಿದ್ದಂತೆ.

ದೊಡ್ಡ ಕಣಿವೆಯ ಮಾತು ಹಾಗಿರಲಿ, ಕಾಡು ಕಡಿದು ಬಯಲಾದ ನೆಲವೂ ಇಂತಹ ಹಕ್ಕಿಗೆ ಅಡ್ಡಗೋಡೆಯೇ. ಹತ್ತೊಂಬತ್ತನೆಯ ಶತಮಾನದಿಂದ ನೀಲಗಿರಿಯ ಇಳಿಜಾರುಗಳನ್ನು ಚಹದ ತೋಟಗಳೂ ನೀಲಗಿರಿ ಮರದ ನೆಡುತೋಪುಗಳೂ ಆವರಿಸುತ್ತ ಬಂದವು. ವಿಪರ್ಯಾಸವನ್ನು ಗಮನಿಸಿ: ನಾವು ನೀಲಗಿರಿ ಎಂದು ಕರೆಯುವ ಆ ಮರ ಆಸ್ಟ್ರೇಲಿಯದಿಂದ ಬಂದ ಅತಿಥಿ, ನಿಜವಾಗಿ ನೀಲಗಿರಿಯದಾದ ಹಕ್ಕಿಗೆ ಮಾತ್ರ ಅಲ್ಲಿ ಠಾವು ಕಿರಿದಾಯಿತು. ಇಂದು ಅದು ವಿನಾಶದ ಅಂಚಿನಲ್ಲಿರುವ ಪ್ರಭೇದಗಳ ಪಟ್ಟಿಯಲ್ಲಿದೆ.

ಗಿರಿಧಾಮಕ್ಕೆ ಹೋದವರು ಶಿಖರದ ಗಾಳಿಯನ್ನು ಸವಿಯಲಿ, ಬೇಡವೆನ್ನುವವರಾರು? ಆದರೆ ಕೆಳಗಿನ ಕಣಿವೆಯ ಕಾಡನ್ನು ಬರಿಯ ಪೊದೆಯೆಂದು ಕಡೆಗಣಿಸದಿರಲಿ. ಬೆಟ್ಟದ ತೊರೆಗಳನ್ನು ತಂಪಾಗಿರಿಸುವುದು ಅದೇ ನೆರಳು; ಆ ನೀಲಿ ಹಕ್ಕಿಗೆ ಜಗತ್ತಿನಲ್ಲಿರುವ ಮನೆಯೂ ಅದೊಂದೇ.