ಸತ್ತವರ ಆಸ್ತಿ, ಬದುಕಿರುವವರ ವಾಯಿದೆ

ನಮ್ಮ ಕಡೆ ಸತ್ತವರು ಪಹಣಿಯಲ್ಲಿ ಬಹಳ ವರ್ಷ ಬದುಕಿರುತ್ತಾರೆ. ಮಾಕವಳ್ಳಿ ಸುತ್ತಮುತ್ತ ಕಬ್ಬು, ಭತ್ತ ಬೆಳೆಯುವ ಎಷ್ಟೋ ಮನೆಗಳಲ್ಲಿ ಜಮೀನು ಇನ್ನೂ ತಾತನ ಹೆಸರಲ್ಲೋ ಮುತ್ತಾತನ ಹೆಸರಲ್ಲೋ ಇದೆ.

ನಮ್ಮನೆಯದೂ ಅದೇ ಕತೆ. ತಾತ ವಿಲ್ ಬರೆಯದೆ ತೀರಿಕೊಂಡರು. ಅಜ್ಜಿ ಮೊದಲೇ ಹೋಗಿದ್ದರು. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಚಿಕ್ಕತ್ತೆ, "ನನ್ನ ಪಾಲು ಕೊಡಣ್ಣ, ಒಂದು ಸೂರು ಕಟ್ಕೋತೀನಿ" ಅಂದರು. "ಆಗ್ಲಿ ಕಣವ್ವ, ಈ ಕಬ್ಬು ಕಡಿದ್ಮೇಲೆ ನೋಡಾನ" ಅಂದರು ದೊಡ್ಡಪ್ಪ. ಕಬ್ಬು ಎಷ್ಟೋ ಸಲ ಕಡಿದಾಯಿತು. ಕೊನೆಗೆ ಅತ್ತೆ ಕೋರ್ಟಿಗೆ ಹೋದರು. ನಾಲ್ಕರಲ್ಲಿ ಒಂದು ಪಾಲು ಅವರದು ಅಂತ ತೀರ್ಪಾಯಿತು. ಅತ್ತೆ ಗೆದ್ದರು ಅಂತ ಊರೆಲ್ಲ ಮಾತಾಡಿತು. ಒಂದು ಗುಂಟೆಯೂ ಕೈಗೆ ಬರಲಿಲ್ಲ.

ಯಾಕೆಂದರೆ ಅದು ಪ್ರಾಥಮಿಕ ಡಿಕ್ರಿ. ಯಾರಿಗೆ ಎಷ್ಟು ಪಾಲು ಅಂತ ಮಾತ್ರ ಅದು ಹೇಳುತ್ತದೆ. ಅಳತೆ ಮಾಡಿಸಿ, ಇದು ನಿನ್ನ ಭಾಗ ಅಂತ ಗುರುತಿಸಿ ಕೊಡುವುದು ಅಂತಿಮ ಡಿಕ್ರಿ. ಇವೆರಡರ ನಡುವೆ ವರ್ಷಗಳೇ ಕಳೆದುಹೋಗುತ್ತವೆ.

ದೊಡ್ಡವರ ಆಸ್ತಿಯೂ ಹೀಗೆ ಕಾಯುತ್ತದೆ. ನಮ್ಮ ಪಕ್ಕದ ಮೇಲುಕೋಟೆಯಲ್ಲಿ 1948ರಲ್ಲಿ ಹುಟ್ಟಿದ ಜಯಲಲಿತಾ 2016ರ ಡಿಸೆಂಬರ್ 5ರಂದು ತೀರಿಕೊಂಡರು. ಅಣ್ಣನ ಮಕ್ಕಳಿಬ್ಬರು ವಾರಸುದಾರರು ಅಂತ ಮದ್ರಾಸ್ ಹೈಕೋರ್ಟ್ ಹೇಳಿದ್ದು 2020ರ ಮೇನಲ್ಲಿ. ಪೋಯಸ್ ಗಾರ್ಡನ್ ಮನೆಯ ಬೀಗದ ಕೈ ಸಿಕ್ಕಿದ್ದು 2021ರ ಡಿಸೆಂಬರಿನಲ್ಲಿ.

ಸತ್ತವರ ಆಸ್ತಿ ನೋಡಿಕೊಳ್ಳಲು ಕೋರ್ಟ್ ಯಾರಿಗಾದರೂ ಅಧಿಕಾರಪತ್ರ ಕೊಟ್ಟರೆ, ಅವರು ಆರು ತಿಂಗಳಲ್ಲಿ ಆಸ್ತಿಯ ಪಟ್ಟಿ, ಒಂದು ವರ್ಷದಲ್ಲಿ ಲೆಕ್ಕ ಒಪ್ಪಿಸಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 317ನೇ ಕಲಂ ಹಾಗೆ ಹೇಳುತ್ತದೆ. ನಮ್ಮ ಗದ್ದೆಗಳಿಗೆ ಅಂಥ ಪತ್ರ ತರುವವರು ಯಾರು? ಉಳುವ ಅಣ್ಣತಮ್ಮಂದಿರೇ ಯಜಮಾನರು. ಅಕ್ಕತಂಗಿಯರಿಗೆ ಲೆಕ್ಕ ಒಪ್ಪಿಸುವವರಿಲ್ಲ.

ಅದಕ್ಕೇ ನಾವೆಲ್ಲ ತಿಳಿದಿರಬೇಕಾದ ತೀರ್ಪೊಂದಿದೆ. 2022ರ ಜೂನ್ 13ರಂದು, ಕೇರಳದ ಒಂದು ಕುಟುಂಬದ ಪಾಲಿನ ದಾವೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಪ್ರಾಥಮಿಕ ಡಿಕ್ರಿ ಆದ ಕೂಡಲೇ ವಿಚಾರಣಾ ಕೋರ್ಟು ತಾನಾಗಿಯೇ ಅಂತಿಮ ಡಿಕ್ರಿಯ ಕೆಲಸ ಮುಂದುವರಿಸಬೇಕು; ಅದಕ್ಕೆ ಇನ್ನೊಂದು ಅರ್ಜಿ ಬೇಕಿಲ್ಲ. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ನಮ್ಮ ದಕ್ಷಿಣ ಕನ್ನಡದವರು.

ಆ ತೀರ್ಪಿನ ಪ್ರತಿ ತೆಗೆಸಿ ಅತ್ತೆಯ ವಕೀಲರ ಕೈಗೆ ಕೊಟ್ಟೆವು. ಕಡತ ಮತ್ತೆ ಮೇಲೆ ಬಂತು, ವಾಯಿದೆ ಸಿಕ್ಕಿತು. ಅವತ್ತಿನಿಂದ ದೊಡ್ಡಪ್ಪ ನಮ್ಮ ಜೊತೆ ಮಾತು ಬಿಟ್ಟಿದ್ದಾರೆ. ಅಪ್ಪ ಇಬ್ಬರ ನಡುವೆ ಸುಮ್ಮನೆ ಕೂತಿದ್ದಾರೆ. ನೋವಾಗುತ್ತದೆ. ಆದರೆ ಕೂಡಿ ಬಾಳೋಣ ಅನ್ನುವ ಮಾತಿನ ಬೆಲೆಯನ್ನು ಅತ್ತೆಯೊಬ್ಬರೇ ಯಾಕೆ ಕಟ್ಟಬೇಕು?

ನಿಮ್ಮನೆಯಲ್ಲೂ ಇಂಥ ಡಿಕ್ರಿ ಪೆಟ್ಟಿಗೆಯಲ್ಲಿ ಮಲಗಿದ್ದರೆ ಹೊರಗೆ ತೆಗೆಯಿರಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಎಲ್ಲರೂ ಒಪ್ಪಿದರೆ ರಾಜಿಯಲ್ಲೇ ಮುಗಿಸಬಹುದು. ದೊಡ್ಡಪ್ಪನಿಗೂ ನಾವು ಅದನ್ನೇ ಹೇಳಿ ಕಳಿಸಿದ್ದೇವೆ. ಇನ್ನೂ ಉತ್ತರ ಬಂದಿಲ್ಲ.