ತಾಳೆಯಾಗದ ಲೆಕ್ಕ

ನಿವೃತ್ತನಾದ ಮನುಷ್ಯ ಏನನ್ನಾದರೂ ಹಚ್ಚಿಕೊಳ್ಳಲೇಬೇಕು. ನಮ್ಮ ಬೀದಿಯ ರಾಯರು ಹೋಮಿಯೋಪತಿ ಹಚ್ಚಿಕೊಂಡರು. ಅವರ ಸಕ್ಕರೆ ಗುಳಿಗೆ ತಿನ್ನದ ಮಗು ಬೀದಿಯಲ್ಲಿಲ್ಲ. ಇನ್ನೊಬ್ಬರು ವಂಶವೃಕ್ಷ ಬರೆಯಹೊರಟು ದಾಯಾದಿಗಳೊಡನೆ ಜಗಳ ತಂದುಕೊಂಡರು. ನಾನು ಹಚ್ಚಿಕೊಂಡದ್ದು ಸತ್ತ ನಕ್ಷತ್ರಗಳನ್ನು. ಇದರಿಂದ ಯಾರಿಗೂ ಉಪದ್ರವವಿಲ್ಲ.

ನಾನು 34 ವರ್ಷ ಬ್ಯಾಂಕಿನಲ್ಲಿ ಗುಮಾಸ್ತೆ ಮಾಡಿದವನು. ಜೂನ್ 30, ಡಿಸೆಂಬರ್ 31 ಎಂದರೆ ಆಗ ನಮಗೆ ಅರ್ಧ ವರ್ಷದ ಲೆಕ್ಕ ಮುಗಿಸುವ ರಾತ್ರಿಗಳು. ಮೊತ್ತಗಳು ತಾಳೆಯಾಗುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ. ವ್ಯತ್ಯಾಸ 9ರಿಂದ ಭಾಗವಾದರೆ ಯಾರೋ 54ನ್ನು 45 ಎಂದು ಬರೆದಿದ್ದಾರೆಂದು ಊಹಿಸಿ ಹುಡುಕುತ್ತಿದ್ದೆವು. ಎಷ್ಟು ಹುಡುಕಿದರೂ ಹುಟ್ಟು ತಿಳಿಯದ ಹಣವನ್ನು ಸಸ್ಪೆನ್ಸ್ ಖಾತೆ ಎಂಬ ತ್ರಿಶಂಕು ಸ್ವರ್ಗಕ್ಕೆ ಏರಿಸಿ, ಬೆಳಗಿನ ಕಾಫಿಗೆ ಮನೆ ಸೇರುತ್ತಿದ್ದೆವು. ಹೀಗೆ ಪಳಗಿದ ಕೈಗೆ, ತಾಳೆಯಾಗದಿರುವುದೇ ಧರ್ಮವಾಗಿರುವ ಲೆಕ್ಕವೊಂದು ಸಿಕ್ಕಿದರೆ ಹೇಗಿರುತ್ತದೆಂದು ನೀವೇ ಯೋಚಿಸಿ.

ಲೆಕ್ಕ ಇಷ್ಟು. ದೂರದ ಗೆಲಾಕ್ಸಿಗಳು ನಮ್ಮಿಂದ ಓಡುತ್ತಿವೆ. ಹೆಚ್ಚು ದೂರದ್ದು ಹೆಚ್ಚು ವೇಗವಾಗಿ. ಎಡ್ವಿನ್ ಹಬಲ್ 1929ರಲ್ಲಿ 24 ಗೆಲಾಕ್ಸಿಗಳ ದೂರ, ವೇಗಗಳನ್ನು ಚುಕ್ಕೆಗಳಾಗಿ ಇಟ್ಟು ನಡುವೆ ಒಂದು ಸರಳರೇಖೆ ಎಳೆದರು. ಈಗ ದೂರ ಅಳೆಯಲು ಸೂಪರ್‌ನೋವಾಗಳಿವೆ. ಶ್ವೇತಕುಬ್ಜವೆಂಬ ಮುದಿ ನಕ್ಷತ್ರ ನೆರೆಯವರಿಂದ ದ್ರವ್ಯ ಕಬಳಿಸುತ್ತ, ನಮ್ಮ ಚಂದ್ರಶೇಖರ್ ಗೊತ್ತುಮಾಡಿದ ಮಿತಿಯನ್ನು—ಸೂರ್ಯನ 1.4ರಷ್ಟು ತೂಕವನ್ನು—ಮುಟ್ಟುವ ಹೊತ್ತಿಗೆ ಸಿಡಿಯುತ್ತದೆ ಎಂಬುದು ಪಾಠಪುಸ್ತಕದ ವಿವರಣೆ. ಹೀಗೆ ಸಿಡಿಯುವ ಒಂದು ಜಾತಿಯವೆಲ್ಲ ಹೆಚ್ಚುಕಡಮೆ ಒಂದೇ ಕಾಂತಿಯವು. ಇರುವ ಏರುಪೇರನ್ನೂ, ಬೆಳಕು ನಿಧಾನವಾಗಿ ಇಳಿಯುವುದು ಹೆಚ್ಚು ಕಾಂತಿಯದೆಂಬ ನಿಯಮದಿಂದ ಸರಿಪಡಿಸಬಹುದು. ದೀಪ ಒಂದೇ ಆದರೆ ಮಂಕಾಗಿ ಕಂಡದ್ದು ದೂರ. ಹಣತೆ ಹಿಡಿದು ಗದ್ದೆಯ ಬದುವಿನ ಮೇಲೆ ನಡೆಯುವವನ ದೂರವನ್ನು ನಾವು ಜಗುಲಿಯಿಂದ ಅಂದಾಜು ಮಾಡುವುದೂ ಹೀಗೆಯೇ.

ಯೂನಿಯನ್ 2.1 ಎಂಬ ಪಟ್ಟಿಯಲ್ಲಿ ಇಂಥ 580 ಸೂಪರ್‌ನೋವಾಗಳಿವೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಕಾಸು ಬೇಡ. ನನ್ನ ತಂಗಿಯ ಮಗಳು ಇಂಜಿನಿಯರಿಂಗ್ ಓದುತ್ತಾಳೆ. ಅವಳು ನನಗೆ ಪೈಥಾನ್ ಎಂಬ ಭಾಷೆಯ ಕಾಗುಣಿತ ಕಲಿಸಿದಳು. (ಹೆಸರಿಗೂ ಹೆಬ್ಬಾವಿಗೂ ಸಂಬಂಧವಿಲ್ಲವಂತೆ, ಇಂಗ್ಲಿಷ್ ಹಾಸ್ಯತಂಡವೊಂದರ ಹೆಸರಂತೆ.) "ಗೆರೆ ಕೂರಿಸುವುದಕ್ಕೆ ಸಿದ್ಧ ಫಂಕ್ಷನ್ ಇದೆ ಮಾವ, ಒಂದೇ ಸಾಲು" ಎಂದಳು. ನಾನು ಒಪ್ಪಲಿಲ್ಲ. ಕೂಡಿಸುವುದನ್ನು ಇನ್ನೊಬ್ಬರಿಗೆ ಬಿಟ್ಟು ಮೊತ್ತಕ್ಕೆ ರುಜು ಹಾಕುವ ಅಭ್ಯಾಸ ನನಗಿಲ್ಲ.

ಪಟ್ಟಿಯ ಮೊದಲ ಸಾಲಿನ ಹೆಸರು 1993 ಏಎಚ್. ಬೆಳಕು ಕೆಂಪಿನ ಕಡೆಗೆ ಸರಿದ ಪ್ರಮಾಣ, ಅಂದರೆ ಕೆಂಪು ಪಲ್ಲಟ, 0.028488. ಬೆಳಕಿನ ವೇಗದಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 8,540 ಕಿಲೋಮೀಟರು. ಮುಂದಿನ ಕಾಲಂ 35.35, ಇದು ಲಾಗರಿದಮ್ಮಿನ ಭಾಷೆಯಲ್ಲಿ ಬರೆದ ದೂರ. 25 ಕಳೆದು, 5ರಿಂದ ಭಾಗಿಸಿ, 10ರ ಘಾತಕ್ಕೆ ಏರಿಸಿದರೆ 117 ಮೆಗಾಪಾರ್ಸೆಕ್. ಬೆಳಕಿಗೆ 38 ಕೋಟಿ ವರ್ಷದ ಹಾದಿ. ವೇಗವನ್ನು ದೂರದಿಂದ ಭಾಗಿಸಿದರೆ 73ಕ್ಕೆ ಹತ್ತಿರ. ಆಮೇಲಿನ ಕಾಲಂ ನೋಡಿ ನಾನು ಕನ್ನಡಕ ಒರೆಸಿಕೊಂಡೆ. ಅದು ಸಂದೇಹದ ಕಾಲಂ: 0.22. ಬಿಡಿಸಿ ಹೇಳಿದರೆ, 'ಈ 117ರಲ್ಲಿ 12 ಅತ್ತ ಇತ್ತ ಆದೀತು' ಎಂದು ಅಳೆದವರೇ ಬರೆದು ರುಜು ಹಾಕಿದ್ದಾರೆ. ಪ್ರತಿಯೊಂದು ಠೇವಣಿಯ ಪಕ್ಕದಲ್ಲೂ ಎಷ್ಟು ಅನುಮಾನವಿದೆಯೆಂದು ಬರೆದ ಲೆಡ್ಜರು ನಮ್ಮ ಬ್ಯಾಂಕಿನಲ್ಲಿದ್ದಿದ್ದರೆ!

ಗೆರೆ ಕೂರಿಸುವ ವಿದ್ಯೆಯೂ ಆಕಾಶದಿಂದಲೇ ಇಳಿದದ್ದು. ಫ್ರಾನ್ಸಿನ ಲಜಾಂಡ್ರ್ 1805ರಲ್ಲಿ ಧೂಮಕೇತುಗಳ ಕಕ್ಷೆಯ ಬಗೆಗಿನ ಪುಸ್ತಕದಲ್ಲಿ ಅದನ್ನು ಅಚ್ಚುಹಾಕಿಸಿದ. ಜರ್ಮನಿಯ ಗೌಸ್ 1809ರಲ್ಲಿ, ತಾನು ಅದನ್ನು 1795ರಿಂದಲೇ ಬಳಸುತ್ತಿದ್ದೇನೆ ಎಂದ; ಲಜಾಂಡ್ರನಿಗೆ ಸಿಟ್ಟು ಬಂತು. ವಿದ್ಯೆ ಮಾತ್ರ ಸಾಧುವಾದದ್ದು. ಪ್ರತಿ ಚುಕ್ಕೆಯಿಂದ ಗೆರೆಗಿರುವ ಅಂತರವನ್ನು ವರ್ಗಮಾಡಿ ಕೂಡಿಸು. ಮೊತ್ತ ಯಾವ ಗೆರೆಗೆ ಅತಿ ಕಡಮೆಯೋ ಅದೇ ಗೆರೆ. ವರ್ಗವೇಕೆಂದರೆ, ಸುಮ್ಮನೆ ಕೂಡಿಸಿದರೆ ಮೇಲಿನದೂ ಕೆಳಗಿನದೂ ಹೊಡೆದುಕೊಂಡು ಎಲ್ಲ ಸರಿಯಿದ್ದಂತೆ ತೋರುತ್ತದೆ. ಕೆಲವು ಬ್ಯಾಲೆನ್ಸ್ ಶೀಟುಗಳ ಹಾಗೆ. ಜೊತೆಗೆ, ಸಂದೇಹ ಇಮ್ಮಡಿಯಾದ ಚುಕ್ಕೆಯ ಮಾತಿಗೆ ಬೆಲೆ ಕಾಲುಭಾಗ. ಪಂಚಾಯಿತಿಯಲ್ಲಿ ಕಣ್ಣಾರೆ ಕಂಡವನಿಗೂ ಕೇಳಿ ಬಂದವನಿಗೂ ಇರುವ ವ್ಯತ್ಯಾಸವೇ ಇದು. ಗೆರೆ ಸೊನ್ನೆಯಿಂದ ಹೊರಡಬೇಕಾದ್ದರಿಂದ ಕೆಲಸ ಇನ್ನೂ ಹಗುರ: ಎರಡು ಮೊತ್ತ, ಒಂದು ಭಾಗಾಕಾರ. ಆರು ಸಾಲಿನಲ್ಲಿ ಬರೆದೆ. ಪಲ್ಲಟ 0.1ಕ್ಕಿಂತ ಕಡಮೆಯಿರುವ ಹತ್ತಿರದವನ್ನು, ನೂರಕ್ಕೂ ಹೆಚ್ಚನ್ನು, ಅದರ ಬಾಯಿಗೆ ಹಾಕಿದೆ. ರೆಪ್ಪೆ ಬಡಿಯುವುದರೊಳಗೆ ಉತ್ತರ: 70ರ ಆಸುಪಾಸು.

ಬಂತೆಂದು ಬೀಗುವ ಹಾಗಿಲ್ಲ. ಈ ಪಟ್ಟಿಯ ದೂರಗಳನ್ನು ಬರೆಯುವಾಗಲೇ ಆ ಸಂಖ್ಯೆ 70 ಎಂದು ಹಿಡಿದಿದ್ದಾರೆ. ನನ್ನ ಹಣವನ್ನೇ ನನ್ನ ಖಾತೆಗೆ ಕಟ್ಟಿ, ಬಡ್ಡಿ ಬಂತೆಂದು ಸಂತೋಷಪಟ್ಟಂತಾಗುತ್ತದೆ. ಹಬಲ್‌ಗೆ ಬಂದದ್ದು 500. ಇಳಿಜಾರನ್ನು ತಿರುಗಿಸಿದರೆ ವಿಶ್ವದ ವಯಸ್ಸಿನ ಅಂದಾಜು ಸಿಗುತ್ತದೆ: 70 ಎಂದರೆ ಸುಮಾರು 1,400 ಕೋಟಿ ವರ್ಷ, 500 ಎಂದರೆ ಬರಿಯ 200 ಕೋಟಿ. ಭೂಮಿಗೇ ಸುಮಾರು 455 ಕೋಟಿ ವರ್ಷವೆಂದು ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ತೋರಿಸಿದರು. ತಾಯಿಗಿಂತ ಮಗಳಿಗೆ ವಯಸ್ಸು ಹೆಚ್ಚು! ಹಬಲ್ ಎಳೆದ ಗೆರೆ ನೇರವಾಗಿಯೇ ಇತ್ತು, ಅಳತೆಗೋಲು ಮೋಟಾಗಿತ್ತು. ಗೆರೆ ಚೆನ್ನಾಗಿ ಕೂತ ಮಾತ್ರಕ್ಕೆ ಲೆಕ್ಕ ಸರಿಯೆಂದಲ್ಲ ಎಂಬುದು ನಮ್ಮ ಇನ್‌ಸ್ಪೆಕ್ಟರುಗಳಿಗೂ ಗೊತ್ತಿದ್ದ ವಿಷಯ.

ಚಿತ್ರದಲ್ಲಿ ಒಂದು ಚುಕ್ಕೆ ಮಾತ್ರ ಗುಂಪು ಬಿಟ್ಟು ಕೂತಿತ್ತು. "ಇದೊಂದನ್ನು ತೆಗೆದುಬಿಡಿ ಮಾವ, ಗೆರೆ ಚೆನ್ನಾಗಿ ಕೂರುತ್ತೆ."

"ಏನು ಕಾರಣ ಬರೆಯೋಣ?"

"ಕಾರಣ ಏನೂ ಇಲ್ಲ. ದೂರ ಇದೆಯಲ್ಲ."

"ಹಾಗಾದರೆ ಇರಲಿ ಬಿಡಮ್ಮ."

ಅವಳು ನಕ್ಕಳು. ನಾನು ನಗಲಿಲ್ಲ, ಹತ್ತಿರದವನ್ನು ಬಿಟ್ಟು 580ನ್ನೂ ಹಾಕಿ ನೋಡಿದೆ. ಚುಕ್ಕೆಗಳು ಮೊದಲು ಗೆರೆಯನ್ನು ಅಪ್ಪಿಕೊಂಡು ನಡೆದು, ಆಮೇಲೆ ಮೆಲ್ಲಗೆ ಕೈಬಿಟ್ಟು ಮೇಲೇರಿದವು. ಪಲ್ಲಟ 1ರ ಹತ್ತಿರದವು ನನ್ನ ಗೆರೆ ಹೇಳುವುದಕ್ಕಿಂತ ಒಂದೂವರೆ ಪಟ್ಟು ದೂರ! ಹಿಗ್ಗುವ ವಿಶ್ವದಲ್ಲಿ ಬೆಳಕು ತೆಳುವಾಗುವುದರಿಂದ ಒಂದಿಷ್ಟು ಬಾಗು ಇರಲೇಬೇಕು. ಅದು ಖಗೋಳಜ್ಞರಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ್ದು, ಎಷ್ಟು ಎಂಬುದು. ಗುರುತ್ವ ಎಳೆದು ಓಟವನ್ನು ನಿಧಾನಿಸುತ್ತಿರಬೇಕು, ಆ ನಿಧಾನವನ್ನು ಅಳೆಯೋಣವೆಂದು ಎರಡು ತಂಡಗಳು ಹೊರಟವು. 1998ರಲ್ಲಿ ಒಂದು ತಂಡ 16 ದೂರದ ಸೂಪರ್‌ನೋವಾಗಳನ್ನೂ, ಮರುವರ್ಷ ಇನ್ನೊಂದು 42ನ್ನೂ ಮುಂದಿಟ್ಟವು. ಕಡಮೆ ದ್ರವ್ಯದ ವಿಶ್ವವೆಂದುಕೊಂಡರೂ ಅವು ನಿರೀಕ್ಷೆಗಿಂತ ಶೇಕಡಾ 10ರಿಂದ 15ರಷ್ಟು ಹೆಚ್ಚು ದೂರ ಎಂದು ಮೊದಲ ತಂಡ ಬರೆಯಿತು. ಓಟ ನಿಧಾನವಾಗುತ್ತಿಲ್ಲ, ಬಿರುಸಾಗುತ್ತಿದೆ. ಪರ್ಲ್‌ಮಟರ್, ಶ್ಮಿಟ್, ರೀಸ್ ಮೂವರಿಗೂ 2011ರಲ್ಲಿ ನೊಬೆಲ್ ಬಂತು.

ಶೇಕಡಾ ಹತ್ತು! ಆ 16ರಲ್ಲಿ ಒಂದೊಂದರ ಸಂದೇಹವೂ ಹೆಚ್ಚುಕಡಮೆ ಅಷ್ಟೇ ಇತ್ತು. ಯಾವುದೊಂದನ್ನೂ ನೆಚ್ಚುವಂತಿರಲಿಲ್ಲ, ಒಟ್ಟಿನಲ್ಲಿ ಒಂದೇ ಕಡೆಗೆ ವಾಲಿದ್ದವು ಅಷ್ಟೆ. ಗೆರೆ ಚಂದವಾಗಿ ಕೂರಲೆಂದು ಕೆಲವನ್ನು ತೆಗೆಯುವುದು ಇಂಥಲ್ಲಿ ಸಲ್ಲದ ಮಾತು. ವ್ಯತ್ಯಾಸಕ್ಕೆ ಒಂದು ಹೆಸರು ಬೇಕಿತ್ತು. 'ಕಪ್ಪು ಶಕ್ತಿ' ಎಂದು ಇಟ್ಟರು. ವಿಶ್ವದ ಒಟ್ಟು ಶಕ್ತಿಯಲ್ಲಿ ಸುಮಾರು ಶೇಕಡಾ 70 ಅದೇ ಎನ್ನುತ್ತಾರೆ. ಅದೇನೆಂದು ಮಾತ್ರ ಇನ್ನೂ ಯಾರೂ ಹೇಳಿಲ್ಲ. ನನಗೆ ಗುರುತು ಹತ್ತಿತು: ಇದು ನಮ್ಮ ಸಸ್ಪೆನ್ಸ್ ಖಾತೆ! ನಮ್ಮ ಶಾಖೆಯಲ್ಲಿ ಒಟ್ಟು ವ್ಯವಹಾರದ ಶೇಕಡಾ 70 ಆ ಖಾತೆಯಲ್ಲಿ ನಿಂತಿದ್ದರೆ ಮ್ಯಾನೇಜರಿಗೆ ನಿದ್ದೆ ಬರುತ್ತಿರಲಿಲ್ಲ. ಇವರು ಪ್ರತಿ ವರ್ಷವೂ ಅದನ್ನು ಬಯಲಿನಲ್ಲಿಟ್ಟು ಇನ್ನಷ್ಟು ಕಾಲಂಗಳನ್ನು ಬರೆಯುತ್ತಾರೆ.

ಆ 70 ಎಂಬ ಇಳಿಜಾರಿಗೂ ಈಗ ವ್ಯಾಜ್ಯ. ಸೂಪರ್‌ನೋವಾಗಳನ್ನು ನೆಚ್ಚಿದ ರೀಸ್ ಅವರ ತಂಡ 2022ರಲ್ಲಿ 73 ಎಂದಿತು. ಆದಿಕಾಲದ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದವರು 2018ರಲ್ಲಿ 67.4 ಎಂದಿದ್ದರು. ಎರಡು ಕಡೆಯವರು ಬರೆದ ಸಂದೇಹಗಳನ್ನು ಸೇರಿಸಿದರೂ ಒಂದಕ್ಕೊಂದು ತಾಗುವುದಿಲ್ಲ. ವ್ಯತ್ಯಾಸ 5.6. ಹಳೆಯ ಚಾಳಿ, 9ರಿಂದ ಭಾಗಿಸಿ ನೋಡಿದೆ, ಹೋಗುವುದಿಲ್ಲ. ಈ ವಾರ ಹೊಸ ಪಟ್ಟಿ ಪ್ಯಾಂಥಿಯನ್ ಪ್ಲಸ್ ಇಳಿಸಿಕೊಂಡಿದ್ದೇನೆ. 1,701 ಸಾಲು. ಒಂದೇ ಸೂಪರ್‌ನೋವಾವನ್ನು ಎರಡು ದೂರದರ್ಶಕಗಳು ನೋಡಿದ್ದರೆ ಎರಡು ಸಾಲು. ಅವುಗಳ ಸಂದೇಹಗಳು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆಯೆಂದು ತಿಳಿಸಲು ಇನ್ನೊಂದು ಬೇರೆ ಕಡತ. ಅದನ್ನು ತೆರೆಯಲು ನನ್ನ ಆರು ಸಾಲು ಸಾಲದು. ಸೊಸೆ ಭಾನುವಾರ ಬರುತ್ತಾಳೆ.