ಮರಳಿ ಕುದುರೆಯೇರಿದುದು

ಶಾಲೆಯ ವಾರ್ಷಿಕ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳೂ ಏನನ್ನಾದರೂ ಬರೆದು ಕಳುಹಿಸಬೇಕೆಂದು ಸಂಪಾದಕರ ಅಪ್ಪಣೆಯಾಗಿದೆ. ಹಳೆಯ ವಿದ್ಯಾರ್ಥಿಗಳೆಂದರೆ ತಾವು ಪಡೆದ ಬಿರುದು, ಏರಿದ ಹುದ್ದೆ, ಕಂಡ ದೇಶಗಳನ್ನು ಕುರಿತು ಬರೆಯುವುದು ವಾಡಿಕೆ. ನಮ್ಮಲ್ಲಿ ಅಂಥ ಸರಕು ಹೆಚ್ಚಾಗಿಲ್ಲ. ಬ್ಯಾಂಕಿನ ನೌಕರಿಯ ಮೇಲೆ ಊರೂರು ತಿರುಗಿದವರು ನಾವು. ಆದುದರಿಂದ ನಡುವಯಸ್ಸಿನಲ್ಲಿ ಕುದುರೆಯಿಂದ ಬಿದ್ದುದನ್ನೂ, ಬಿದ್ದ ತರುವಾಯ ಎಂಟು ತಿಂಗಳಿಗೂ ಮಿಕ್ಕು ಹೆದರಿ ಕುಳಿತುದನ್ನೂ, ಆ ಹೆದರಿಕೆಯಿಂದ ಹೊರಬಂದ ಬಗೆಯನ್ನೂ ಇಲ್ಲಿ ನಿವೇದಿಸುತ್ತೇವೆ.

ಕುದುರೆಯ ಹುಚ್ಚು ನಮಗೆ ಹತ್ತಿದುದು ಮೈಸೂರಿನಲ್ಲಿಯೇ. ದಸರೆಯ ಮೆರವಣಿಗೆಯಲ್ಲಿ ಎಲ್ಲರ ಕಣ್ಣೂ ಅಂಬಾರಿಯ ಆನೆಯನ್ನು ಹುಡುಕುತ್ತಿದ್ದರೆ ನಮ್ಮ ಕಣ್ಣು ಅಶ್ವದಳದ ಮೇಲೆ ನೆಟ್ಟಿರುತ್ತಿತ್ತು. ಸಾಲು ತಪ್ಪದೆ ಬರುವ ಆ ಕುದುರೆಗಳ ಗೊರಸಿನ ಸಪ್ಪಳ ಕಿವಿಯಲ್ಲಿ ವಾರಗಟ್ಟಲೆ ಉಳಿಯುತ್ತಿತ್ತು. ಮನೆಯಲ್ಲಿ ತಾತನವರು ಮೈಸೂರು ಲ್ಯಾನ್ಸರ್ಸ್ ಪಡೆಯ ಕಥೆ ಹೇಳುತ್ತಿದ್ದರು. 1918ರ ಸೆಪ್ಟೆಂಬರ್ 23ರಂದು, ಮೊದಲನೆಯ ಮಹಾಯುದ್ಧದಲ್ಲಿ, ಮೈಸೂರಿನ ಮತ್ತು ಜೋಧಪುರದ ಸವಾರರು ಈಟಿ ಹಿಡಿದು ಮೆಷಿನ್ ಗನ್ನುಗಳ ಎದುರಿಗೆ ನುಗ್ಗಿ ಹೈಫಾ ಪಟ್ಟಣವನ್ನು ಗೆದ್ದರಷ್ಟೆ. ಅದನ್ನು ಕೇಳಿದ ಮೇಲೆ ನಮಗೆ ಮನೆಯ ಜಗುಲಿಯ ಕಟ್ಟೆಯೇ ಕುದುರೆ, ಅಮ್ಮನ ಹಳೆಯ ಸೀರೆಯ ಅಂಚೇ ಲಗಾಮು. ನಿಜವಾದ ಕುದುರೆ ಮಾತ್ರ ನಾಲ್ವತ್ತು ವರ್ಷ ತುಂಬುವವರೆಗೂ ಕೈಗೆಟುಕಲಿಲ್ಲ.

ನೌಕರಿಯ ನಿಮಿತ್ತ ಕೋಲ್ಕತ್ತಕ್ಕೆ ವರ್ಗವಾಗಿ ನಾವು ಡಮ್ ಡಮ್ಮಿನಲ್ಲಿ ಬಾಡಿಗೆಯ ಮನೆ ಹಿಡಿದೆವು. ನಗರದ ಉತ್ತರದ ಈ ಬಡಾವಣೆಯನ್ನು ಹೊರಗಿನವರು ಬಲ್ಲುದು ವಿಮಾನ ನಿಲ್ದಾಣದಿಂದ. ಇಲ್ಲವೇ ಇಲ್ಲಿನ ಮದ್ದುಗುಂಡಿನ ಕಾರ್ಖಾನೆಯಲ್ಲಿ ಹುಟ್ಟಿ, 1899ರ ಹೇಗ್ ಸಮ್ಮೇಳನದಲ್ಲಿ ನಿಷೇಧಕ್ಕೊಳಗಾದ ಗುಂಡಿನ ಹೆಸರಿನಿಂದ. ಬಂಗಾಳದ ಫಿರಂಗಿ ಪಡೆಯ ಮುಖ್ಯ ಠಾಣ್ಯವು 1783ರಿಂದ 1853ರವರೆಗೆ ಇಲ್ಲಿಯೇ ಇದ್ದಿತು. ಫಿರಂಗಿಗಳನ್ನು ಕುದುರೆಗಳು ಎಳೆಯುತ್ತಿದ್ದ ಆ ಕಾಲದಲ್ಲಿ ಈ ಬೀದಿಗಳು ಎಷ್ಟು ಕೆನೆತವನ್ನು ಕೇಳಿರಬೇಕು! ಈಗ ಇಲ್ಲಿ ಕೇಳುವುದು ಆಟೋಗಳ ಹಾರನ್ನು ಮತ್ತು ತಲೆಯ ಮೇಲೆ ಇಳಿಯುವ ವಿಮಾನಗಳ ಮೊರೆತ.

ಭಾನುವಾರಗಳಂದು ಡಮ್ ಡಮ್ಮಿನಿಂದ ಮೆಟ್ರೋ ರೈಲು ಹಿಡಿದು ಮೈದಾನಕ್ಕೆ ಹೋಗುವುದು ನಮ್ಮ ರೂಢಿಯಾಯಿತು. ಅಲ್ಲಿ ಕೋಲ್ಕತ್ತ ಪೊಲೀಸರ ಅಶ್ವದಳವು ಹಾದುಹೋಗುವುದುಂಟು. 1840ರಷ್ಟು ಹಳೆಯ ದಳವದು. ಅದನ್ನು ನೋಡುತ್ತ ನಿಂತಿದ್ದ ನಮ್ಮಲ್ಲಿ ದಸರೆಯ ಹುಡುಗನು ಮತ್ತೆ ಎಚ್ಚೆತ್ತನು. ವಿಚಾರಿಸಿ, ನಗರದ ಒಂದು ಸವಾರಿ ಶಾಲೆಯನ್ನು ಸೇರಿಯೇಬಿಟ್ಟೆವು. ಕಲಿಸುವವರು ಸೇನೆಯಿಂದ ನಿವೃತ್ತರಾದ ರಾಜಸ್ಥಾನದ ಒಬ್ಬ ಹಿರಿಯರು. ಅವರನ್ನು ಎಲ್ಲರೂ ಉಸ್ತಾದರೆಂದೇ ಕರೆಯುತ್ತಿದ್ದರು. ನಮ್ಮ ಪಾಲಿಗೆ ಬಂದುದು ರಾಣಿ ಎಂಬ ಕಂದುಬಣ್ಣದ ಹೆಣ್ಣುಗುದುರೆ. ಮೂರು ತಿಂಗಳಲ್ಲಿ ಜೀನು ಬಿಗಿಯುವುದು, ರಿಕಾಪಿನಲ್ಲಿ ಕಾಲಿಡುವುದು, ಲಗಾಮನ್ನು ಎಳೆಯದೆ ಹಿಡಿಯುವುದು ಒಂದಿಷ್ಟು ಕೈವಶವಾಯಿತು. ಅದರೊಡನೆ ತಕ್ಕಮಟ್ಟಿನ ಜಂಬವೂ ಬೆಳೆಯಿತು.

2023ರ ಫೆಬ್ರವರಿಯ ಒಂದು ಸಂಜೆ. ಕುಲುಕು ನಡೆಯಲ್ಲಿ ಬಯಲನ್ನು ಸುತ್ತುತ್ತಿದ್ದೆವು. ಮೂಲೆಯ ಬೇಲಿಗೆ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಹಾಳೆಯೊಂದು ಗಾಳಿಗೆ ಪಟಪಟನೆ ಬಡಿದುಕೊಂಡಿತು. ರಾಣಿ ಒಂದೇ ನೆಗೆತಕ್ಕೆ ಪಕ್ಕಕ್ಕೆ ಸರಿದಳು. ಅವಳು ಸರಿದ ಕಡೆಗೆ ನಾವು ಸರಿಯಲಿಲ್ಲ. ಗಗನ ಒಮ್ಮೆ ಕೆಳಗೆ ಬಂದಂತೆ, ನೆಲ ಮೇಲೆದ್ದಂತೆ ಕಂಡಿತು. ಎಡ ಹೆಗಲಿನೊಳಗೆ ಒಣಕಡ್ಡಿ ಮುರಿದಂಥ ಸದ್ದು ಕೇಳಿಸಿತು. ಎದ್ದು ನಿಂತು, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬಂತೆ, ಏನೂ ಆಗಿಲ್ಲವೆಂದು ನಗಲು ಹೋದೆವು. ನಗೆ ಬರಲಿಲ್ಲ, ವಾಂತಿ ಬಂದಿತು. ಕೊರಳೆಲುಬು ಮುರಿದಿದ್ದಿತು. ತಲೆಯನ್ನು ಕಾಪಾಡಿದ ಶಿರಸ್ತ್ರಾಣದ ಮೇಲೆ ಕೂದಲೆಳೆಯಷ್ಟು ಬಿರುಕು. ಅದನ್ನು ಕಂಡಾಗ ಆದ ನಡುಕ ಮೂಳೆಯ ನೋವಿಗಿಂತ ದೊಡ್ಡದಾಗಿದ್ದಿತು.

ಬಿದ್ದವರು ಕೂಡಲೇ ಮತ್ತೆ ಏರಬೇಕೆಂದು ಸವಾರರಲ್ಲಿ ಒಂದು ಮಾತಿದೆ. ಮೂಳೆ ಮುರಿದವರಿಗೆ ಆ ಮಾತು ಉಪಯೋಗಕ್ಕೆ ಬಾರದು. ಆರು ವಾರ ಕೈಯನ್ನು ಜೋಳಿಗೆಯಲ್ಲಿ ಇಳಿಬಿಟ್ಟುಕೊಂಡು ಮನೆಯಲ್ಲಿದ್ದೆವು. ಆ ಅವಧಿಯಲ್ಲಿ ಮೂಳೆ ಕೂಡಿಕೊಂಡಿತು, ಭಯವೂ ಕೂಡಿಕೊಂಡಿತು. ಎಡವಿದ ಕಾಲೇ ಎಡವುವುದು ಎಂಬ ಗಾದೆ ಹಗಲಿರುಳು ಕಿವಿಯಲ್ಲಿ ಗುನುಗತೊಡಗಿತು. ವೈದ್ಯರು ಸವಾರಿಗೆ ಅನುಮತಿಯಿತ್ತ ಮೇಲೂ ನಾವು ಹೋಗಲಿಲ್ಲ. ಉಸ್ತಾದರು ಫೋನು ಮಾಡಿದರೆ ಆಫೀಸಿನ ಕೆಲಸವೆಂದೆವು. ಕಚೇರಿಯ ಮಿತ್ರರು ಕೇಳಿದರೆ ವೈದ್ಯರು ಬೇಡವೆಂದಿದ್ದಾರೆ ಎಂದೆವು. ಊರಿನಿಂದ ಅಮ್ಮ ಕೇಳಿದಾಗ ಮಳೆಗಾಲವೆಂದೆವು. ಮೂವರಿಗೂ ಹೇಳಿದುದು ಸುಳ್ಳು. ಹೆದರಿದ್ದೇವೆಂಬ ಒಂದು ಸಣ್ಣ ಮಾತನ್ನು ಆಡಲಾರದೆ ಮೂರು ಸುಳ್ಳುಗಳನ್ನು ಸಾಕಿಕೊಂಡಿದ್ದೆವು. ನಿಜವಾಗಿ ನಮ್ಮನ್ನು ಕೊರೆಯುತ್ತಿದ್ದುದು ಇದೇ. ಕುದುರೆ ಸವಾರಿಯಿಲ್ಲದೆ ಜೀವನ ಸಾಗದೆಂಬುದೇನೂ ಇಲ್ಲ. ತನ್ನ ಭಯವನ್ನು ಮುಚ್ಚಿಡುವುದಕ್ಕಾಗಿ ತಾಯಿಗೂ ಸುಳ್ಳು ಹೇಳುವವನಾದೆವಲ್ಲ ಎಂಬುದೇ ಆ ಕೊರತ.

ನಮ್ಮ ಮನೆಯೊಡತಿ ಎಪ್ಪತ್ತು ದಾಟಿದ ಒಬ್ಬ ವಿಧವೆ. ಬಂಗಾಳದ ರೂಢಿಯಂತೆ ಅವರನ್ನು ಮಾಶಿಮಾ, ಎಂದರೆ ತಾಯಿಯ ಸೋದರಿ, ಎಂದು ಕರೆಯುತ್ತಿದ್ದೆವು; ಅವರು ನಮ್ಮನ್ನು 'ಬಾಬಾ' ಎನ್ನುವರು. ಅದರ ಹಿಂದಿನ ಮಳೆಗಾಲದಲ್ಲಿ ಬೀದಿಯ ನೀರು ಬಾಗಿಲ ತನಕ ಏರಿ ಪಾಚಿಗಟ್ಟಿದ್ದ ಮೆಟ್ಟಿಲ ಮೇಲೆ ಅವರು ಜಾರಿ ಬಿದ್ದಿದ್ದರು. ಪೆಟ್ಟು ವಾಸಿಯಾದರೂ ಅಂದಿನಿಂದ ಅವರು ಹೊಸ್ತಿಲು ದಾಟಿರಲಿಲ್ಲ. ನಾಗೇರ್‌ಬಜಾರಿನಲ್ಲಿ ಮೀನಿನ ಕಿವಿರು ಎತ್ತಿ ನೋಡಿ ಆರಿಸುತ್ತಿದ್ದವರು ಈಗ ಆಳು ತಂದುದನ್ನು ಬೈದುಕೊಂಡು ಅಡಿಗೆ ಮಾಡುತ್ತಿದ್ದರು. ನಾವು ಬಲು ದೊಡ್ಡ ಧೈರ್ಯಶಾಲಿಗಳಂತೆ ದಿನವೂ ಅವರಿಗೆ ಉಪದೇಶ ಮಾಡುತ್ತಿದ್ದೆವು: "ನಾಲ್ಕು ಹೆಜ್ಜೆ ನಡೆಯಿರಿ ಮಾಶಿಮಾ, ಹೆದರಿಕೆ ತಾನೇ ಹೋಗುತ್ತದೆ."

ಆ ಸೆಪ್ಟೆಂಬರಿನಲ್ಲಿ ಚೀನದ ಹಾಂಗ್‌ಝೌ ನಗರದಲ್ಲಿ ಏಷ್ಯನ್ ಕ್ರೀಡೆಗಳು ನಡೆದವು. 26ರಂದು ಭಾರತದ ತಂಡವು ಡ್ರೆಸಾಜ್ ಸ್ಪರ್ಧೆಯಲ್ಲಿ ಚಿನ್ನವನ್ನು ಗಳಿಸಿತು. ಅಶ್ವಾರೋಹಣದಲ್ಲಿ ನಮಗೆ ಚಿನ್ನ ದೊರೆತುದು 1982ರ ದಿಲ್ಲಿಯ ಕ್ರೀಡೆಗಳ ತರುವಾಯ ಅದೇ ಮೊದಲು. ಎರಡು ದಿನಗಳ ಮೇಲೆ ಅದೇ ತಂಡದ ಅನುಷ್ ಅಗರ್‌ವಾಲಾ ತಾನೊಬ್ಬನೇ ಕಂಚನ್ನೂ ಗೆದ್ದನು. ಅವನು ಕೋಲ್ಕತ್ತದ ಹುಡುಗ. ಊರೆಲ್ಲ ಅದೇ ಮಾತು. ಮಾಶಿಮಾ ಪತ್ರಿಕೆಯ ಚಿತ್ರವನ್ನು ನಮ್ಮ ಮುಂದೆ ಹಿಡಿದು, "ಬಾಬಾ, ನಿನ್ನ ಕುದುರೆ ಏನಾಯಿತು?" ಎಂದು ಕೇಳಿದರು. ಮೂರು ಸುಳ್ಳುಗಳಲ್ಲಿ ಯಾವುದನ್ನು ಹೇಳೋಣವೆಂದು ನಾವು ಯೋಚಿಸುತ್ತಿರುವಾಗಲೇ ಅವರು ನಕ್ಕುಬಿಟ್ಟರು. "ನನಗೆ ನಡೆಯಲು ಹೇಳಿಕೊಡುವವನು ನೀನು!"

ಅಂದು ಮೊದಲ ಸಲ ನಿಜವನ್ನು ಒಪ್ಪಿಕೊಂಡೆವು. ಅವರು ಅದನ್ನು ಕೇಳಿ ಆಶ್ಚರ್ಯಪಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಪಂಚಾಂಗವನ್ನು ತೆಗೆದು ತೋರಿಸಿದರು. ಸಪ್ತಮಿಯೂ ದಶಮಿಯೂ ಬೀಳುವ ವಾರಗಳಿಂದ ದುರ್ಗಾದೇವಿಯ ವಾಹನವನ್ನು ಎಣಿಸುವುದು ಅಲ್ಲಿನ ಸಂಪ್ರದಾಯ. ಆ ವರ್ಷ ಸಪ್ತಮಿ ಶನಿವಾರ, ದಶಮಿ ಮಂಗಳವಾರ. ದೇವಿ ಬರುವುದೂ ಕುದುರೆಯ ಮೇಲೆ, ಹೋಗುವುದೂ ಕುದುರೆಯ ಮೇಲೆ. ಅದು ಶುಭಸೂಚಕವಲ್ಲವೆಂದು ಹಿರಿಯರು ಹೇಳುವರಂತೆ. "ಶುಭವೋ ಅಶುಭವೋ, ಅವಳು ಬರುವುದನ್ನು ಬಿಡುತ್ತಾಳೆಯೇ? ಅಷ್ಟಮಿಯ ಅಂಜಲಿಗೆ ನಾನು ಮಂಟಪಕ್ಕೆ ನಡೆದುಬಂದರೆ ನೀನು ಲಾಯಕ್ಕೆ ಹೋಗಬೇಕು" ಎಂದರು. ಅವರು ಬರಲಾರರೆಂಬ ನಂಬಿಕೆಯಿಂದ ನಾವು ಒಪ್ಪಿದೆವು.

ಅಕ್ಟೋಬರ್ 22, ಅಷ್ಟಮಿ. ಮಾಶಿಮಾ ಕೆಂಪಂಚಿಲ್ಲದ ಬಿಳಿಯ ಸೀರೆಯುಟ್ಟು, ಉಪವಾಸವಿದ್ದು, ಬಾಗಿಲ ಬಳಿ ನಿಂತಿದ್ದರು. ಆ ಮೆಟ್ಟಿಲ ಮುಂದೆ ಬಹಳ ಹೊತ್ತು ನಿಂತರು. ಅವರ ಕೈ ನಮ್ಮ ಮುಂಗೈಯನ್ನು ಹಿಡಿದಿತ್ತು. ಉಗುರಿನ ಗುರುತು ಮೂಡುವಷ್ಟು ಬಿಗಿಯಾಗಿ. ಆಗ ನಮ್ಮ ಉಪದೇಶಗಳೆಲ್ಲ ಎಷ್ಟು ಹಗುರವಾಗಿದ್ದವೆಂಬುದು ನಮಗೆ ತಿಳಿಯಿತು. ನಾವು ಮಾತನಾಡಲಿಲ್ಲ. ಅವರು ಒಂದು ಕಾಲಿಟ್ಟರು, ನಿಂತರು, ಇನ್ನೊಂದು ಕಾಲಿಟ್ಟರು. ಇನ್ನೂರು ಹೆಜ್ಜೆಯ ದಾರಿಗೆ ಅರ್ಧ ಗಂಟೆ ಹಿಡಿಯಿತು. ಅಂಜಲಿಯ ಹೂವು ಅರ್ಪಿಸಿ ತಿರುಗಿದಾಗ ಅವರ ಮುಖದಲ್ಲಿದ್ದುದು ಭಕ್ತಿಯೋ ತುಂಟತನವೋ ಹೇಳಲಾರೆವು. "ಈಗ ನಿನ್ನ ಸರದಿ" ಎಂದರು.

ನವೆಂಬರಿನ ಮೊದಲ ಭಾನುವಾರ ಲಾಯಕ್ಕೆ ಹೋದೆವು. ಉಸ್ತಾದರಿಗೂ ನಿಜವನ್ನೇ ಹೇಳಿದೆವು. ಅವರು ಬೈಯಲಿಲ್ಲ. ಮೊದಲನೆಯ ಮಾತಾಗಿ, ಪೆಟ್ಟು ತಿಂದ ಶಿರಸ್ತ್ರಾಣವನ್ನು ಮತ್ತೆ ಧರಿಸಬಾರದು, ಹೊರಗೆ ಬಿರುಕು ಕಾಣದಿದ್ದರೂ ಹೊಸದನ್ನು ಕೊಳ್ಳಬೇಕು ಎಂದರು. ಎರಡನೆಯದಾಗಿ, ಆ ದಿನ ಏರುವುದೇ ಬೇಡವೆಂದರು. ಮೂರು ಭಾನುವಾರ ನಾವು ಮಾಡಿದುದು ಕಾಸ್ತಾರನ ಕೆಲಸ: ರಾಣಿಯ ಮೈ ಉಜ್ಜುವುದು, ಗೊರಸಿನ ಕಲ್ಲುಮಣ್ಣು ಬಿಡಿಸುವುದು, ಮೇವಿಡುವುದು, ಹಗ್ಗ ಹಿಡಿದು ಬಯಲಿನಲ್ಲಿ ನಡೆಸುವುದು. ಹಾಗೆ ಮಾಡುತ್ತ ಅವಳ ಸ್ವಭಾವ ತಿಳಿಯತೊಡಗಿತು. ಕುದುರೆಯ ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿವೆ. ಹಣೆಯ ನೇರ ಮುಂದಣ ಮತ್ತು ಬಾಲದ ನೇರ ಹಿಂದಣ ಸ್ವಲ್ಪ ಜಾಗವನ್ನುಳಿದು ಸುತ್ತಲೂ ಅದು ಕಾಣಬಲ್ಲುದು. ಬೇಟೆಗೆ ಗುರಿಯಾಗುತ್ತಿದ್ದ ಪ್ರಾಣಿಯಾದುದರಿಂದ ಮೊದಲು ಓಡಿ ಆಮೇಲೆ ನೋಡುವುದು ಅದರ ಹುಟ್ಟುಗುಣ. ರಾಣಿ ನಮ್ಮನ್ನು ಕೆಡವಬೇಕೆಂದು ನೆಗೆದಿರಲಿಲ್ಲ. ಅವಳೂ ಹೆದರಿದ್ದಳು.

ಹೆದರಿಕೆ ಜೀನಿನ ಮೂಲಕ ಕೆಳಗಿಳಿಯುತ್ತದೆ ಎಂದು ಉಸ್ತಾದರು ಹೇಳುತ್ತಿದ್ದರು. ಇದು ಬರಿಯ ಅನುಭವದ ಮಾತಲ್ಲ. ಸ್ವೀಡನ್ನಿನ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಕುದುರೆಯನ್ನು ಒಂದೇ ದಾರಿಯಲ್ಲಿ ನಾಲ್ಕು ಬಾರಿ ಒಯ್ಯುವಂತೆ ಜನರಿಗೆ ತಿಳಿಸಿ, ನಾಲ್ಕನೆಯ ಬಾರಿ ಒಂದು ಛತ್ರಿಯನ್ನು ಥಟ್ಟನೆ ಬಿಚ್ಚಲಾಗುವುದೆಂದು ಎಚ್ಚರಿಸಿದ್ದರು. ಛತ್ರಿಯನ್ನು ಬಿಚ್ಚಲೇ ಇಲ್ಲ. ಆದರೂ ಜನರ ಎದೆಬಡಿತ ಹೆಚ್ಚಿತು. ಏನನ್ನೂ ಅರಿಯದ ಕುದುರೆಗಳ ಎದೆಬಡಿತವೂ ಹೆಚ್ಚಿತು.

ನಾಲ್ಕನೆಯ ಭಾನುವಾರ ಜೀನಿನ ಮೇಲೆ ಕುಳಿತೆವು. ಉಸ್ತಾದರು ಉದ್ದನೆಯ ಹಗ್ಗ ಹಿಡಿದು ನಡುವೆ ನಿಂತು ರಾಣಿಯನ್ನು ತಮ್ಮ ಸುತ್ತ ನಡೆಸಿದರು. ನಮ್ಮ ತೊಡೆಗಳು ಮರವಾಗಿದ್ದವು. "ಉಸಿರು ಹಿಡಿಯಬೇಡಿ ಬಾಬೂಜಿ, ಏನನ್ನಾದರೂ ಗಟ್ಟಿಯಾಗಿ ಹೇಳುತ್ತಿರಿ, ಬಾಯಿ ಆಡುತ್ತಿದ್ದರೆ ಉಸಿರು ತಾನೇ ಆಡುತ್ತದೆ" ಎಂದು ಕೂಗಿದರು. ಏನು ಹೇಳುವುದು? ಹಾಡು ನೆನಪಾಗಲಿಲ್ಲ, ಶ್ಲೋಕ ನೆನಪಾಗಲಿಲ್ಲ. ಬಾಯಿಗೆ ಬಂದುದು ನಮ್ಮ ಶಾಲೆಯ ಎರಡನೆಯ ತರಗತಿಯಲ್ಲಿ ಸಾಲಾಗಿ ನಿಂತು ಒಪ್ಪಿಸಿದ ಮಗ್ಗಿ!

ಎರಡೊಂದಲ ಎರಡು, ಎರಡೆರಡಲ ನಾಲ್ಕು. ಕುಲುಕು ನಡೆಯಲ್ಲಿ ಕುದುರೆ ಓರೆಗಾಲುಗಳನ್ನು ಜೋಡಿಜೋಡಿಯಾಗಿ ಇಡುವುದರಿಂದ ಅದು ಎರಡೇ ತಾಳದ ನಡೆ. ಒಂದು ತಾಳಕ್ಕೆ ಸವಾರನು ಜೀನಿನಿಂದ ಮೇಲೇಳಬೇಕು, ಇನ್ನೊಂದಕ್ಕೆ ಕೂರಬೇಕು. ಮಗ್ಗಿ ಅದಕ್ಕೆ ಹೊಲಿದಿಟ್ಟಂತೆ ಒಪ್ಪಿತು. ಏಳುವಾಗ 'ಎರಡೊಂದಲ', ಕೂರುವಾಗ 'ಎರಡು'. ಐದರ ಮಗ್ಗಿಗೆ ಬರುವ ಹೊತ್ತಿಗೆ ಹೆಗಲು ಸಡಿಲಿತು. ಏಳರ ಮಗ್ಗಿಗೆ ರಾಣಿ ಕತ್ತು ಇಳಿಸಿ ಫುರ್ರೆಂದು ಉಸಿರು ಬಿಟ್ಟಳು. ಹದಿಮೂರರ ಮಗ್ಗಿಯಲ್ಲಿ ಅಂದು ತಪ್ಪಿದ ಜಾಗದಲ್ಲಿಯೇ ಇಂದೂ ತಪ್ಪಿದೆವು. ಹೊಡೆಯುವವರು ಮಾತ್ರ ಇರಲಿಲ್ಲ. ಇಳಿದ ಮೇಲೆ ಉಸ್ತಾದರು ಗಂಭೀರವಾಗಿ, "ಅದು ಯಾವ ದೇವರ ಮಂತ್ರ?" ಎಂದು ಕೇಳಿದರು.

ಉಳಿದಿದ್ದುದು ಆ ಮೂಲೆ. ಬಿದ್ದ ಸ್ಥಳವನ್ನು ಹಾಯುವಾಗಲೆಲ್ಲ ನಮ್ಮ ಕೈ ತಾನೇ ಲಗಾಮನ್ನು ಬಿಗಿಯುತ್ತಿತ್ತು. ರಾಣಿ ಅದನ್ನರಿತು ಕಿವಿ ನಿಮಿರಿಸುತ್ತಿದ್ದಳು. ಡಿಸೆಂಬರಿನಲ್ಲಿ ಒಂದು ದಿನ ಉಸ್ತಾದರು ಬೇಕೆಂದೇ ಒಂದು ಪ್ಲಾಸ್ಟಿಕ್ ಹಾಳೆಯನ್ನು ಅಲ್ಲಿಯ ಬೇಲಿಗೆ ಕಟ್ಟಿಸಿದರು. ಮೊದಲು ನಾವು ಕೆಳಗಿಳಿದು ರಾಣಿಯನ್ನು ಅದರ ಬಳಿಗೆ ಒಯ್ದು, ಅವಳು ಮೂಸಿನೋಡುವವರೆಗೂ ಕಾದೆವು. ಹಿಂದೆ ಸರಿದಾಗ ಎಳೆಯಲಿಲ್ಲ. ಮುಂದೆ ಬಂದಾಗ ಕತ್ತು ತಟ್ಟಿದೆವು. ಅರ್ಧ ಗಂಟೆಯ ಮೇಲೆ ಏರಿ, ಮೆಲ್ಲನೆ ನಡೆಸಿಕೊಂಡು ಹಾದೆವು. ಗಾಳಿ ಬೀಸಿತು, ಹಾಳೆ ಬಡಿದುಕೊಂಡಿತು. ರಾಣಿಯ ಮೈ ಒಮ್ಮೆ ನಡುಗಿತು. ನಮ್ಮದೂ ನಡುಗಿತು. ಇಬ್ಬರೂ ಮುಂದೆ ಹೋದೆವು.

ಅಂದು ಸಂಜೆ ಮನೆಗೆ ಬಂದು ಅಮ್ಮನಿಗೆ ಫೋನು ಮಾಡಿ, ಮಳೆಗಾಲದ ಸುಳ್ಳನ್ನೂ ಆ ದಿನದ ನಿಜವನ್ನೂ ಒಟ್ಟಿಗೆ ಹೇಳಿದೆವು. "ನನಗೆ ಗೊತ್ತಿತ್ತು ಬಿಡಪ್ಪ" ಎಂದರು.

ಈ ಬರಹವನ್ನೋದುವ ಎಳೆಯರಿಗೆ, ಇನ್ನು ನಮಗೆ ಭಯವೇ ಇಲ್ಲವೆಂದು ಹೇಳಿದರೆ ಅದು ನಾಲ್ಕನೆಯ ಸುಳ್ಳಾದೀತು. ಗಾಳಿಯ ದಿನ ಜೀನು ಬಿಗಿಯುವಾಗ ಇಂದಿಗೂ ಬಾಯಿ ಒಣಗುತ್ತದೆ. ಮಾಶಿಮಾ ಕೂಡ ಮಳೆ ಬಂದ ದಿನ ಮೆಟ್ಟಿಲಿಳಿಯುವುದಿಲ್ಲ. ಬಿಸಿಲಿದ್ದರೆ ಕೋಲೂರಿಕೊಂಡು ನಾಗೇರ್‌ಬಜಾರಿಗೆ ಹೋಗಿ ಮೀನಿನವನೊಡನೆ ತಾವೇ ಜಗಳವಾಡಿ ಬರುತ್ತಾರೆ. ಪರೀಕ್ಷೆಯಲ್ಲಿಯೋ ಆಟದಲ್ಲಿಯೋ ವೇದಿಕೆಯ ಮೇಲೆಯೋ ನೀವು ಒಮ್ಮೆ ಬಿದ್ದಿದ್ದರೆ, ಹೆದರಿಕೆಯಾಗಿದೆಯೆಂದು ನಂಬಿಕೆಯ ಒಬ್ಬರಿಗೆ ಮೊದಲು ಹೇಳಿಬಿಡಿ. ಆಮೇಲೆ ಮೂರು ವಾರ ಬರಿದೆ ಲಾಯವನ್ನು ಗುಡಿಸಿದರೂ ಚಿಂತೆಯಿಲ್ಲ. ಮತ್ತು ಮಗ್ಗಿಯನ್ನು ಚೆನ್ನಾಗಿ ಬಾಯಿಪಾಠ ಮಾಡಿರಿ. ಅದು ಎಲ್ಲಿ ಒದಗೀತೆಂದು ಹೇಳಬರುವಂತಿಲ್ಲ.